ತೊಟ್ಟಿ ಸಿಗಲಿಲ್ಲ, ಬಿಸಿನೀರು ಸಿಕ್ಕಿತು

“ಮಗು ಮುಳುಗೋದಿಲ್ವೇನೇ?”

ನೀರಿನಲ್ಲಿ ಹೆರಿಗೆ ಮಾಡಿಸಿಕೊಳ್ಳೋಣ ಅಂತಿದೀನಿ ಅಂದಾಗ ಅಮ್ಮನ ಬಾಯಿಂದ ಬಂದ ಮೊದಲ ಮಾತು ಇದು. ನನಗೆ ಆಗ ಐದು ತಿಂಗಳು. ಆಮೇಲೆ ಅತ್ತೆಯೂ ಇದನ್ನೇ ಕೇಳಿದರು. ಓರಗಿತ್ತಿ ಕೇಳಿದರು, ಸ್ಟಾಫ್ ರೂಮಿನಲ್ಲಿ ಜೊತೆಗೆ ಕೂರುವ ಟೀಚರ್‌ಗಳು ಕೇಳಿದರು, ತಾಯಿ ಕಾರ್ಡ್ ವಿಷಯಕ್ಕೆ ಮನೆಗೆ ಬಂದಿದ್ದ ಆಶಾ ಅಕ್ಕನೂ ಕೇಳಿದರು. ಕೇಳುವುದು ತಪ್ಪಲ್ಲ. ನನಗೂ ಮೊದಲು ಹೊಳೆದ ಪ್ರಶ್ನೆ ಇದೇ.

ಓದಿ, ಕೇಳಿ ತಿಳಿದುಕೊಂಡಿದ್ದು ಇಷ್ಟು. ಮಗು ಹೊಟ್ಟೆಯೊಳಗೆ ಒಂಬತ್ತು ತಿಂಗಳು ಇರುವುದೇ ನೀರಿನಲ್ಲಿ. ಅದಕ್ಕೆ ಬೇಕಾದ ಆಮ್ಲಜನಕ ಹೊಕ್ಕುಳ ಬಳ್ಳಿಯಿಂದ ಬರುತ್ತದೆ, ಮೂಗಿನಿಂದ ಅಲ್ಲ. ಆರೋಗ್ಯವಾಗಿರುವ ಮಗು ಬೆಚ್ಚಗಿನ ನೀರಿನೊಳಗೆ ಹುಟ್ಟಿದರೆ ಮುಖಕ್ಕೆ ಗಾಳಿ ತಾಗುವವರೆಗೆ ಸಾಮಾನ್ಯವಾಗಿ ಉಸಿರು ಎಳೆಯುವುದಿಲ್ಲ. ಹುಟ್ಟಿದ ತಕ್ಷಣ ಮೆಲ್ಲಗೆ ಮೇಲೆತ್ತಿ ತಾಯಿಯ ಎದೆ ಮೇಲೆ ಇಡುತ್ತಾರೆ. ಒಮ್ಮೆ ತಲೆ ನೀರಿಂದ ಮೇಲೆ ಬಂದರೆ ಮತ್ತೆ ಮುಳುಗಿಸುವ ಹಾಗಿಲ್ಲ. ಆದರೆ ಹೊಟ್ಟೆಯೊಳಗೇ ಸುಸ್ತಾಗಿರುವ, ಆಮ್ಲಜನಕ ಸರಿಯಾಗಿ ಸಿಗದ ಮಗು ಇದೆಯಲ್ಲ, ಅದು ನೀರಿನೊಳಗೇ ಉಸಿರು ಎಳೆದುಬಿಡಬಹುದು. ಆದ್ದರಿಂದ ಅಮ್ಮ ಹೆದರಿದ್ದರಲ್ಲಿ ಅರ್ಥ ಇತ್ತು. ಯಾವ ತೊಂದರೆಯೂ ಇಲ್ಲದ ಬಸುರಿಗೆ ಮಾತ್ರ, ಅದೂ ಇದನ್ನು ಕಲಿತವರ ಕೈಯಲ್ಲಿ ಮಾತ್ರ ಅಂತ ಎಲ್ಲ ಕಡೆ ಹೇಳುವುದು ಇದಕ್ಕೇ.

ನನಗೆ ಈ ಆಸೆ ಯಾಕೆ ಬಂತು ಅಂತ ಹೇಳಿಬಿಡುತ್ತೇನೆ. ನಮ್ಮ ಮನೆ ಹಾಸನದಲ್ಲಿ, ತವರು ಸಕಲೇಶಪುರದಿಂದ ಆಚೆ ಹಾನುಬಾಳು ಕಡೆ. ನನ್ನ ಸುತ್ತ ಮೂರು ವರ್ಷದಲ್ಲಿ ಆದ ಹೆರಿಗೆಗಳಲ್ಲಿ ಜಾಸ್ತಿ ಸಿಸೇರಿಯನ್ನೇ. ಸುಮ್ನೆ ನನಗೆ ಹಾಗೆ ಅನಿಸಿದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಬೇಕಾದಾಗ ಅದು ಜೀವ ಉಳಿಸುವ ಆಪರೇಷನ್, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ನಮ್ಮ ಓರಗಿತ್ತಿ ಹೇಳಿದ್ದು ನನ್ನ ಮನಸ್ಸಲ್ಲಿ ಕೂತಿತ್ತು. ರಾತ್ರಿಯಿಡೀ ಮಂಚದ ಮೇಲೆ ಅಂಗಾತ ಮಲಗಿಸಿದ್ದರಂತೆ. ಏಳಬೇಡ, ತಿರುಗಬೇಡ, ಕೂಗಬೇಡ. ಬೆಳಗಿನ ಜಾವ ಅವರೇ “ಆಪರೇಷನ್ ಮಾಡಿಬಿಡಿ, ನನ್ನ ಕೈಲಾಗಲ್ಲ” ಅಂದರಂತೆ. ನನಗೆ ನೋವಿಗಿಂತ ಆ ಮಲಗಿಸಿಬಿಡೋದರ ಭಯ ಜಾಸ್ತಿ ಇತ್ತು. ಅಂಥ ಹೊತ್ತಲ್ಲೇ ಫೋನಿನಲ್ಲಿ ಒಬ್ಬರು ತೊಟ್ಟಿಯಲ್ಲಿ ಮಂಡಿಯೂರಿ, ಅಂಚಿಗೆ ತಲೆ ಇಟ್ಟುಕೊಂಡು, ನೋವು ಬಂದಾಗ ಸೊಂಟ ಆಡಿಸುತ್ತಿದ್ದ ವಿಡಿಯೊ ನೋಡಿದೆ. ನನಗೂ ಹಾಗೇ ಆಗಲಿ ಅನಿಸಿತು.

ಹಾಸನದಲ್ಲಿ ಮೊದಲು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಕೇಳಿದೆ. ಡಾಕ್ಟರ್ ತಲೆ ಎತ್ತಲಿಲ್ಲ. “ಅದೆಲ್ಲ ಇಲ್ಲಿ ಇಲ್ಲಮ್ಮ, ನೆಕ್ಸ್ಟ್” ಅಂದರು. ಹೊರಗೆ ಬಂದು ಕಾರಿಡಾರಿನಲ್ಲಿ ಅತ್ತುಬಿಟ್ಟೆ. ಇಲ್ಲ ಅಂದಿದ್ದಕ್ಕಲ್ಲ. ಯಾಕೆ ಬೇಕು ಅಂತ ಒಂದು ಮಾತು ಕೇಳಬಹುದಿತ್ತಲ್ವಾ? ನಮ್ಮನೆಯವರು “ಬೇರೆ ಡಾಕ್ಟರ್ ನೋಡೋಣ ಬಾ” ಅಂದರು. ಹಾಗೆ ಹೋದ ಇನ್ನೊಂದು ಸಣ್ಣ ನರ್ಸಿಂಗ್ ಹೋಮಿನ ಮೇಡಂ ನನ್ನ ಮಾತು ಪೂರ್ತಿ ಕೇಳಿದರು. ತೊಟ್ಟಿ ಅವರಲ್ಲೂ ಇರಲಿಲ್ಲ. “ನನಗೆ ಅದರಲ್ಲಿ ಅಭ್ಯಾಸ ಇಲ್ಲ, ಅಭ್ಯಾಸ ಇಲ್ಲದ್ದನ್ನು ನಿನ್ನ ಮೇಲೆ ಮಾಡಲ್ಲ. ಬೆಂಗಳೂರಿನಲ್ಲಿ ಮಾಡಿಸೋ ಕಡೆ ಹೋಗಿ ನೋಡಿಕೊಂಡು ಬಾ. ಅಲ್ಲೇ ಮಾಡಿಸಿಕೊಂಡರೂ ನನಗೆ ಬೇಜಾರಿಲ್ಲ” ಅಂದರು. ನನಗೆ ನಂಬಿಕೆ ಬಂದಿದ್ದು ಆ ಮಾತಿಗೆ.

ಆರು ತಿಂಗಳು ತುಂಬಿದ ಮೇಲೆ ಒಂದು ಶನಿವಾರ ಬೆಂಗಳೂರಿಗೆ ಹೋದೆವು. ಹಾಸನದಿಂದ ಸುಮಾರು 180 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ಆದರೂ ಚನ್ನರಾಯಪಟ್ಟಣ ದಾಟುವಷ್ಟರಲ್ಲೇ ನನ್ನ ಸೊಂಟ ಹಿಡಿದುಕೊಂಡಿತ್ತು. ನೋವು ಬಂದ ಮೇಲೆ ಈ ದಾರಿಯಲ್ಲಿ ಹೊರಡೋ ಮಾತೇ ಇಲ್ಲ ಅಂತ ಇಬ್ಬರಿಗೂ ಅಲ್ಲೇ ಗೊತ್ತಾಯಿತು.

ಅಲ್ಲಿ ನಮಗೆ ಎಲ್ಲ ತೋರಿಸಿದ್ದು ಒಬ್ಬ ಮಿಡ್‌ವೈಫ್. ನಮ್ಮ ಕಡೆ ಮಾತಲ್ಲಿ ಹೇಳಬೇಕೆಂದರೆ ಓದಿ ತರಬೇತಿ ಪಡೆದ ಸೂಲಗಿತ್ತಿ. ಒಂದೂವರೆ ಗಂಟೆ ಕೂತು ಮಾತಾಡಿದರು. ತೊಟ್ಟಿ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದು, ಕೂತರೆ ಎದೆಮಟ್ಟಕ್ಕೆ ನೀರು ಬರುವಷ್ಟು ಆಳ. ನೀರು ಹೆಚ್ಚುಕಡಿಮೆ ಮೈ ಬಿಸಿಯಷ್ಟೇ ಇರಬೇಕು, 37.5 ಡಿಗ್ರಿ ದಾಟಬಾರದು. ತಾಯಿ ಮೈ ಕಾದರೆ ಮಗುವಿನ ಎದೆಬಡಿತ ಏರುತ್ತದೆ. ಗಂಟೆಗೊಮ್ಮೆ ನೀರಿನದೂ ತಾಯಿಯದೂ ಟೆಂಪರೇಚರ್ ನೋಡಿ ಬರೆಯುತ್ತಾರೆ. ಮಗುವಿನ ಎದೆಬಡಿತ ಕೇಳಲು ನೀರಿನೊಳಗೂ ಕೆಲಸ ಮಾಡುವ ಡಾಪ್ಲರ್ ಇತ್ತು. ನೋವು ಶುರುವಾದ ಕೂಡಲೇ ಇಳಿಸಲ್ಲ, ಬೇಗ ಇಳಿದರೆ ನೋವು ನಿಧಾನವಾಗಿಬಿಡಬಹುದು. ನೋವು ಚೆನ್ನಾಗಿ ಹಿಡಿದು, ಗರ್ಭಕೋಶದ ಬಾಯಿ ಸುಮಾರು ಐದು ಸೆಂಟಿಮೀಟರ್ ತೆರೆದ ಮೇಲೆ ಇಳಿಸುವುದು. ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ತಗೊಂಡರೆ ತೊಟ್ಟಿಗೆ ಇಳಿಯುವ ಹಾಗಿಲ್ಲ. ಮಂಪರು ಬರಿಸುವಂಥ ನೋವಿನ ಇಂಜೆಕ್ಷನ್ ಕೊಟ್ಟಿದ್ದರೂ ಕೆಲವು ಗಂಟೆ ಕಾಯಬೇಕು.

ಆಮೇಲೆ ಯಾರಿಗೆ ಆಗಲ್ಲ ಅನ್ನೋದು. ಬಿಪಿ ಇರುವವರಿಗೆ ಇಲ್ಲ, ಅವಳಿ ಮಕ್ಕಳಿದ್ದರೆ ಇಲ್ಲ, ಮಗು ಉಲ್ಟಾ ಇದ್ದರೆ ಇಲ್ಲ, 37 ವಾರ ತುಂಬಿಲ್ಲ ಅಂದರೆ ಇಲ್ಲ. ರಕ್ತ ಹೋಗುತ್ತಿದ್ದರೆ, ಜ್ವರ ಇದ್ದರೆ, ನೀರು ಒಡೆದು ಅದರ ಬಣ್ಣ ಬದಲಾಗಿದ್ದರೆ ಇಲ್ಲ. ಬಸುರಿಯಲ್ಲಿ ಶುಗರ್ ಬಂದಿದ್ದರೆ, ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಬಹಳ ಕಡೆ ಬೇಡ ಅನ್ನುತ್ತಾರೆ. ನನ್ನ ರಿಪೋರ್ಟ್ ನೋಡಿ “ನಿಮ್ಮ ಹಿಮೋಗ್ಲೋಬಿನ್ 9.4 ಇದೆ, ಹತ್ತು ದಾಟದಿದ್ದರೆ ನಾವು ತೊಟ್ಟಿಗೆ ಇಳಿಸಲ್ಲ” ಅಂದರು. ನೀರಿನಲ್ಲಿ ಎಷ್ಟು ರಕ್ತ ಹೋಯಿತು ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ, ರಕ್ತ ಕಡಿಮೆ ಇರುವವರಿಗೆ ಸ್ವಲ್ಪ ಜಾಸ್ತಿ ಹೋದರೂ ಅಪಾಯ. ಮಾಸು ಬೀಳಿಸಲು ಹೆಚ್ಚಾಗಿ ತೊಟ್ಟಿಯಿಂದ ಆಚೆ ಕರೆದುಕೊಂಡು ಬರುವುದೂ ಇದಕ್ಕೇ ಅಂತೆ.

ಅವರು ಏನನ್ನೂ ಮುಚ್ಚಿಡಲಿಲ್ಲ. ಮಗುವನ್ನು ಮೇಲೆತ್ತುವಾಗ ಹೊಕ್ಕುಳ ಬಳ್ಳಿ ಜಗ್ಗಿ ಹರಿಯುವುದು ಅಪರೂಪಕ್ಕೆ ಆಗುತ್ತದೆ, ಹಾಗೇನಾದರೂ ಆದರೆ ಕೂಡಲೇ ಕ್ಲ್ಯಾಂಪ್ ಹಾಕಲು ಕೈ ಸಿದ್ಧ ಇರಬೇಕು ಅಂದರು. ತೊಟ್ಟಿ, ಪೈಪು ಸರಿಯಾಗಿ ತೊಳೆಯದಿದ್ದರೆ ಮಗುವಿಗೆ ಸೋಂಕು ಆಗಬಹುದು ಅಂದರು. ನನ್ನ ತಲೆ ತಿರುಗಿಸಿದ್ದು ಮಾತ್ರ ಅವರ ಇನ್ನೊಂದು ಮಾತು.

“ನೋವು ತಿನ್ನುವಾಗ ನೀರಿನಲ್ಲಿ ಇರೋದು ಬೇರೆ, ಮಗು ನೀರಿನಲ್ಲೇ ಹುಟ್ಟೋದು ಬೇರೆ. ನಿಮಗೆ ಇದರಲ್ಲಿ ಯಾವುದು ಬೇಕು?”

ನಾನು ಎರಡೂ ಒಂದೇ ಅಂದುಕೊಂಡಿದ್ದೆ. ವಿಡಿಯೊಗಳಲ್ಲಿ ಕೊನೆಗೆ ಮಗು ನೀರಿಂದ ಮೇಲೆ ಬರುವುದನ್ನೇ ತೋರಿಸುತ್ತಾರೆ, ಅದಕ್ಕೆ ಮುಂಚಿನ ನಾಲ್ಕೈದು ಗಂಟೆ ಯಾರೂ ತೋರಿಸಲ್ಲ. ಮನೆಗೆ ಬಂದ ಮೇಲೆ ಕೂತು ಓದಿದೆ. 2018ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆ 15 ಅಧ್ಯಯನ, 3,663 ಹೆಂಗಸರ ಲೆಕ್ಕ ಒಟ್ಟು ಹಾಕಿದೆ. ಹೆರಿಗೆಯ ಮೊದಲ ಹಂತದಲ್ಲಿ, ಅಂದರೆ ಗರ್ಭಕೋಶದ ಬಾಯಿ ತೆರೆಯುವ ಹೊತ್ತಲ್ಲಿ, ನೀರಿನಲ್ಲಿ ಇದ್ದವರು ಎಪಿಡ್ಯೂರಲ್‌ನಂಥ ನೋವಿನ ಮದ್ದು ಕೇಳಿದ್ದು ಸ್ವಲ್ಪ ಕಡಿಮೆ. ನೂರಕ್ಕೆ 43 ಇದ್ದದ್ದು 39. ದೊಡ್ಡ ವ್ಯತ್ಯಾಸ ಅಲ್ಲ, ಆದರೆ ಇದೆ. ತಾಯಿಗಾಗಲಿ ಮಗುವಿಗಾಗಲಿ ಅದರಿಂದ ತೊಂದರೆ ಹೆಚ್ಚಾದದ್ದು ಕಂಡಿಲ್ಲ. ಅಮೆರಿಕದ ಹೆರಿಗೆ ಡಾಕ್ಟರ್‌ಗಳ ಸಂಘ 2016ರಲ್ಲಿ ಹೇಳಿದ್ದೂ ಇದೇ ದಾರಿಯಲ್ಲಿದೆ. ಮೊದಲ ಹಂತದಲ್ಲಿ ನೀರಿನಲ್ಲಿ ಇರಬಹುದು, ಮಗು ಹುಟ್ಟುವುದು ಮಾತ್ರ ನೀರಿನ ಹೊರಗೆ ಆಗಲಿ ಅಂತ. ಫ್ರಾನ್ಸಿನ ಪಿತಿವಿಯೆ ಊರಿನ ಆಸ್ಪತ್ರೆಯಲ್ಲಿ ಈ ತೊಟ್ಟಿಗಳನ್ನು ಶುರು ಮಾಡಿ ಹೆಸರಾದ ಡಾಕ್ಟರ್ ಮಿಶೆಲ್ ಒಡಾನ್ ಕೂಡ ಅದನ್ನು ಇಟ್ಟಿದ್ದು ನೋವು ತಡೆಯಲು, ಮಗು ನೀರಲ್ಲೇ ಹುಟ್ಟಲಿ ಅಂತ ಅಲ್ಲ. ಕೆಲವರಿಗೆ ಅಲ್ಲಿಂದ ಏಳೋಕೆ ಮನಸ್ಸಾಗದೆ ಅಲ್ಲೇ ಹೆರಿಗೆ ಆಯಿತು. ಅಂಥ ನೂರು ಹೆರಿಗೆಗಳ ಬಗ್ಗೆ ಅವರು 1983ರಲ್ಲಿ ಬರೆದರು.

ಇದನ್ನೆಲ್ಲ ಓದಿದ ಮೇಲೆ ನನಗೆ ಬೇಕಾಗಿದ್ದು ಏನು ಅಂತ ನನಗೇ ತಿಳಿಯಾಯಿತು. ಬಿಸಿನೀರು ಬೇಕಿತ್ತು, ಮೈ ಆಡಿಸಲು ಜಾಗ ಬೇಕಿತ್ತು, ಪಕ್ಕದಲ್ಲಿ ನಮ್ಮವರು ಬೇಕಿತ್ತು. ಮಗು ಕಣ್ಣು ಬಿಡುವುದು ನೀರಲ್ಲೋ ಮಂಚದಲ್ಲೋ ಅನ್ನೋದು ನನಗೆ ಅಷ್ಟು ಮುಖ್ಯ ಆಗಿರಲಿಲ್ಲ.

ಬೆಂಗಳೂರು ಬೇಡ ಅಂತ ತೀರ್ಮಾನ ಮಾಡಲು ಆದರೂ ಮೂರು ವಾರ ಹಿಡಿಯಿತು. 37 ವಾರಕ್ಕೇ ಹೋಗಿ ಅಲ್ಲಿ ಉಳಿಯಬೇಕು. ಮಗು 41 ವಾರಕ್ಕೆ ಹುಟ್ಟಿದರೆ ಒಂದು ತಿಂಗಳು ಬಾಡಿಗೆ ಮನೆ. ಖರ್ಚು ನಮಗೆ ಹಾಸನದಲ್ಲಿ ಹೇಳಿದ್ದರ ಮೂರು ಪಟ್ಟು. ನಮ್ಮನೆಯವರಿಗೆ ಬ್ಯಾಂಕಿನಲ್ಲಿ ಅಷ್ಟು ರಜೆ ಇಲ್ಲ. ಅಷ್ಟೆಲ್ಲ ಮಾಡಿ ಕೊನೇ ದಿನ ಬಿಪಿ ಏರಿತು ಅಂದರೆ ತೊಟ್ಟಿಯೂ ಇಲ್ಲ, ಊರೂ ಇಲ್ಲ. ಅತ್ತೆ ಮಾತ್ರ “ನಿನಗೆ ಅಲ್ಲೇ ಧೈರ್ಯ ಅನಿಸಿದರೆ ನಾನು ಬಂದು ಅಡುಗೆ ಮಾಡಿಕೊಂಡು ಇರ್ತೀನಿ, ದುಡ್ಡಿನ ಮುಖ ನೋಡಬೇಡ” ಅಂದರು. ಅವರು ಹಾಗಂದಿದ್ದು ನಾನು ಯಾವತ್ತೂ ಮರೆಯಲ್ಲ.

ಇದರ ಮಧ್ಯೆ ಯಾರೋ ಹೇಳಿದರು, ಗಾಳಿ ತುಂಬುವ ತೊಟ್ಟಿ ಆನ್‌ಲೈನಲ್ಲಿ ಸಿಗುತ್ತೆ, ಮನೆಯಲ್ಲೇ ಮಾಡಿಕೊಳ್ಳಿ ಅಂತ. ದಯವಿಟ್ಟು ಯಾರೂ ಇಂಥ ಮಾತು ಕೇಳಬೇಡಿ. 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ವಿಡಿಯೊ ನೋಡಿಕೊಂಡು ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ರಕ್ತ ಹೋಗಿ ತಾಯಿ ತೀರಿಕೊಂಡರು. ಅದು ನೀರಿನ ಹೆರಿಗೆ ಅಲ್ಲ. ಆದರೆ ರಕ್ತ ನಿಲ್ಲಿಸುವವರು ಪಕ್ಕದಲ್ಲಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದು ಎಲ್ಲ ಹೆರಿಗೆಗೂ ಒಂದೇ.

ಎಂಟನೇ ತಿಂಗಳಲ್ಲಿ ಹಾಸನದ ಮೇಡಂ ಹತ್ತಿರ ಕೂತು ನೇರವಾಗಿ ಕೇಳಿದೆ. ನೋವು ಬರುವಾಗ ಓಡಾಡಬಹುದಾ? ಬಿಸಿನೀರು ಹಾಕಿಕೊಳ್ಳಬಹುದಾ? ಅಮ್ಮ, ನಮ್ಮನೆಯವರು ಜೊತೆಗೆ ಇರಬಹುದಾ? (ಸರ್ಕಾರಿ ಆಸ್ಪತ್ರೆಗೆ ಹೋಗುವವರಿಗೂ ಒಂದು ಮಾತು. ಹೆರಿಗೆ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಇರಲು 2016ರಲ್ಲೇ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಕೇಳಿ ನೋಡಿ.) ಮೇಡಂ ಮೂರಕ್ಕೂ ಹೂಂ ಅಂದರು, ಷರತ್ತು ಹಾಕಿ. ಮೊದಲು ಎನ್‌ಎಸ್‌ಟಿ ಮಾಡಿ ಮಗುವಿನ ಎದೆಬಡಿತ ಸರಿ ಇದೆ ಅಂತ ನೋಡಬೇಕು. ಆಮೇಲೆ ಪ್ರತಿ ಅರ್ಧ ಗಂಟೆಗೆ ಸಿಸ್ಟರ್ ಬಂದು ಕೇಳುತ್ತಾರೆ, ಆಗ ಬೇಡ ಅನ್ನಬಾರದು. ಒಬ್ಬಳೇ ಬಚ್ಚಲಲ್ಲಿ ಇರಬಾರದು, ಚಿಲಕ ಹಾಕಬಾರದು. ನೀರು ಒಡೆದು ಬಣ್ಣ ಬದಲಾಗಿದ್ದರೆ, ಎದೆಬಡಿತ ಏರುಪೇರಾದರೆ ಮರುಮಾತಿಲ್ಲದೆ ಮಂಚಕ್ಕೆ ಬರಬೇಕು. ಎಲ್ಲದಕ್ಕೂ ಒಪ್ಪಿದೆ.

ಆಮೇಲೆ ನಾವು ಮಾಡಿದ ಒಂದು ಕೆಲಸ ಬಹಳ ಉಪಯೋಗಕ್ಕೆ ಬಂತು. ರೂಮು ನೋಡಲು ಹೋದೆವು. ಬಚ್ಚಲಲ್ಲಿ ಗೀಸರ್ ಎಷ್ಟು ಲೀಟರಿನದು, ನೀರು ಎಷ್ಟು ಹೊತ್ತು ಬರುತ್ತೆ ಅಂತ ನಲ್ಲಿ ಬಿಟ್ಟು ನೋಡಿದೆವು. ಮೊದಲ ರೂಮಿನಲ್ಲಿ 15 ಲೀಟರ್ ಗೀಸರ್. ಹತ್ತು ನಿಮಿಷಕ್ಕೆ ನೀರು ತಣ್ಣಗಾಯಿತು. ಮೂಲೆ ರೂಮಿನಲ್ಲಿ 25 ಲೀಟರಿನದು ಇತ್ತು. ಅದನ್ನೇ ಕೊಡಿ ಅಂತ ಕೇಳಿಕೊಂಡೆವು. ಸೋಲಾರ್ ನಂಬುವ ಹಾಗಿರಲಿಲ್ಲ. ನನ್ನ ಡೇಟ್ ಇದ್ದಿದ್ದು ಜುಲೈ ಕೊನೆಗೆ, ಆಗ ನಮ್ಮ ಕಡೆ ಸೂರ್ಯ ಕಂಡರೆ ಪುಣ್ಯ. ಕೂರಲು ಒಂದು ಗಟ್ಟಿ ಪ್ಲಾಸ್ಟಿಕ್ ಸ್ಟೂಲು, ಜಾರದ ಹಾಗೆ ರಬ್ಬರ್ ಮ್ಯಾಟು, ಎರಡು ಬಕೆಟ್, ಒಂದು ಚೊಂಬು, ಮಕ್ಕಳ ಸ್ನಾನದ ನೀರು ನೋಡುವ ಥರ್ಮಾಮೀಟರ್. ಇದಿಷ್ಟು ಒಂದು ಚೀಲದಲ್ಲಿ ಕಟ್ಟಿಟ್ಟೆವು. ಮಾತ್ರೆ ಜೊತೆಗೆ ಎರಡು ಸಲ ಐರನ್ ಡ್ರಿಪ್ ಹಾಕಿಸಿಕೊಂಡು ಹಿಮೋಗ್ಲೋಬಿನ್ 10.8ಕ್ಕೆ ಬಂತು.

ಮೊದಲ ಬಾಣಂತನ ತವರಲ್ಲಿ ಅನ್ನೋದು ನಮ್ಮಲ್ಲಿ ಪದ್ಧತಿ. ಆದರೆ ಮಳೆ ಜೋರಾದರೆ ಹಾನುಬಾಳು ರಸ್ತೆಗೆ ಮರ ಬೀಳೋದು, ಎರಡು ಮೂರು ದಿನ ಕರೆಂಟ್ ಇಲ್ಲದಿರೋದು ಹೊಸದಲ್ಲ. ಹೆರಿಗೆ ಹಾಸನದಲ್ಲಿ ಆಗಲಿ, ಆಮೇಲೆ ಕರೆದುಕೊಂಡು ಹೋಗೋಣ ಅಂತ ಅಪ್ಪನೇ ಹೇಳಿದರು. 38 ವಾರಕ್ಕೆ ಅಮ್ಮ ನಮ್ಮ ಮನೆಗೆ ಬಂದರು.

39 ವಾರ 4 ದಿನ. ರಾತ್ರಿ ಹತ್ತಕ್ಕೆ ಸೊಂಟದ ಕೆಳಗೆ ಹಿಡಿದು ಬಿಡುವ ನೋವು. ಅಮ್ಮ ಜೀರಿಗೆ ಕಷಾಯ ಕಾಯಿಸಿ ಕೊಟ್ಟರು. “ಸುಳ್ಳು ನೋವಾದರೆ ನಿಲ್ಲುತ್ತೆ, ನಿಜದ್ದಾದರೆ ಏರುತ್ತೆ. ಬಾ, ಸೊಂಟಕ್ಕೆ ಎರಡು ಚೊಂಬು ನೀರು ಹಾಕ್ತೀನಿ” ಅಂದರು. ಬಚ್ಚಲಲ್ಲಿ ಬಗ್ಗಿ ಗೋಡೆ ಹಿಡಿದು ನಿಂತಾಗ ನನಗೆ ಥಟ್ಟನೆ ಹೊಳೆಯಿತು. ನಾನು ಬೆಂಗಳೂರಿಗೆ ಹೋಗಿ ಕೇಳಿಕೊಂಡು ಬಂದದ್ದರಲ್ಲಿ ಸ್ವಲ್ಪ ನಮ್ಮ ಮನೆಯಲ್ಲೇ ಇತ್ತಲ್ಲ! ಅಮ್ಮನಿಗೆ ಅವರ ಅಮ್ಮ ಹೀಗೇ ಹಾಕಿದ್ದರಂತೆ. ನಾನು ನಾಲ್ಕೈದು ತಿಂಗಳು ವಾದ ಮಾಡಿದ್ದೆ, ಒಂದು ದಿನವೂ ಅಮ್ಮನನ್ನು “ನಿನಗೆ ನೋವು ಬಂದಾಗ ಏನು ಮಾಡಿದ್ರು?” ಅಂತ ಕೇಳಿರಲಿಲ್ಲ. ಅದಕ್ಕೆ ಈಗಲೂ ಬೇಜಾರಿದೆ.

ನೋವು ನಿಲ್ಲಲಿಲ್ಲ. ನಾಲ್ಕು ಗಂಟೆಗೆ ಐದೈದು ನಿಮಿಷಕ್ಕೆ ಬರತೊಡಗಿತು. ಸುರಿಯುವ ಮಳೆಯಲ್ಲೇ ಆಸ್ಪತ್ರೆಗೆ ಹೋದೆವು. ಮೇಡಂ ನೋಡಿ ನಾಲ್ಕು ಸೆಂಟಿಮೀಟರ್ ಅಂದರು. ಎನ್‌ಎಸ್‌ಟಿ ಇಪ್ಪತ್ತು ನಿಮಿಷ, ಸರಿ ಇತ್ತು. “ಈಗಲೇ ಬಚ್ಚಲಿಗೆ ಹೋಗಬೇಡ, ಓಡಾಡು, ಏನಾದರೂ ಕುಡಿ” ಅಂದರು. ಕಾರಿಡಾರಿನಲ್ಲಿ ಅಮ್ಮನ ಭುಜ ಹಿಡಿದುಕೊಂಡು ನಡೆದೆ. ನೋವು ಬಂದಾಗ ನಿಲ್ಲೋದು, ಹೋದಾಗ ನಡೆಯೋದು. ಆರೂವರೆಗೆ ಐದೂವರೆ ಸೆಂಟಿಮೀಟರ್. ಅಷ್ಟು ಹೊತ್ತಿಗೆ ನೋವು ಬಂದರೆ ಮಾತು ಹೊರಡುತ್ತಿರಲಿಲ್ಲ. “ಈಗ ಹೋಗು” ಅಂದರು ಮೇಡಂ.

ಆ ಎರಡು ಗಂಟೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಹುಡುಕುವಾಗ ಇಷ್ಟು ವಿವರವಾಗಿ ನನಗೆ ಯಾರೂ ಹೇಳಿರಲಿಲ್ಲ. ಸ್ಟೂಲಿನ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತೆ. ಎದುರಿಗೆ ಬಕೆಟ್ ಬೋರಲು ಹಾಕಿ ಅದರ ಮೇಲೆ ದಿಂಬು, ದಿಂಬಿಗೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ನನ್ನ ತಲೆ. ನಮ್ಮನೆಯವರು ಹಿಂದೆ ನಿಂತು ಶವರ್ ಪೈಪನ್ನು ಸೊಂಟದ ಮೂಳೆ ಇರುವ ಕಡೆ ಹಿಡಿದರು. ಮೊದಲ ನೋವಿಗೆ ಏನೂ ಗೊತ್ತಾಗಲಿಲ್ಲ. ಎರಡನೆಯದಕ್ಕೆ, ನೋವು ಇತ್ತು, ಆದರೆ ನಾನು ಅದನ್ನು ಹಲ್ಲು ಕಚ್ಚಿ ಹಿಡಿದುಕೊಂಡಿರಲಿಲ್ಲ. ಭುಜ ಸಡಿಲ ಆಯಿತು, ದವಡೆ ಸಡಿಲ ಆಯಿತು. ನೋವು ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೋಗಲ್ಲ. ಎರಡು ನೋವಿನ ನಡುವೆ ಪೂರ್ತಿ ಬಿಡುವು ಸಿಗುತ್ತದೆ, ಅಷ್ಟೇ. ಆ ಬಿಡುವಿನಲ್ಲಿ ನಾನು ಒಂದೆರಡು ನಿಮಿಷ ತೂಕಡಿಸಿದೆ ಕೂಡ. ಮಂಚದ ಮೇಲಿದ್ದಾಗ ಮುಂದಿನ ನೋವು ಬರುತ್ತೆ ಅನ್ನೋ ಭಯದಲ್ಲೇ ಆ ಹೊತ್ತು ಕಳೆದುಹೋಗುತ್ತಿತ್ತು.

ನೀರಿನ ಬಿಸಿ ನೋಡುವುದು ಅಮ್ಮನ ಕೆಲಸ. ಥರ್ಮಾಮೀಟರ್ ಇದ್ದರೂ ಅಮ್ಮ ಮೊದಲು ಮೊಣಕೈ ಅದ್ದಿ ನೋಡುತ್ತಿದ್ದರು, ಆಮೇಲೆ ಥರ್ಮಾಮೀಟರ್. ಒಂದು ಸಲ 39 ತೋರಿಸಿತು, ತಣ್ಣೀರು ಬೆರೆಸಿದರು. ನನಗೆ ಆಗ ಇನ್ನೂ ಬಿಸಿ ಬೇಕು ಅನಿಸುತ್ತಿತ್ತು. ಅದಕ್ಕೇ ಇನ್ನೊಬ್ಬರು ನೋಡಬೇಕು. ಗೀಸರ್ ಖಾಲಿ ಆದಾಗ ಶವರ್ ಬಿಟ್ಟು ಬಕೆಟ್. ಮೊದಲೇ ತುಂಬಿಟ್ಟ ನೀರನ್ನು ಚೊಂಬಿನಲ್ಲಿ ನಿಧಾನವಾಗಿ ಹಾಕೋದು, ಅಷ್ಟರಲ್ಲಿ ಗೀಸರ್ ಮತ್ತೆ ಕಾಯುತ್ತಿತ್ತು. ಪೈಪಿಗಿಂತ ಚೊಂಬೇ ನನಗೆ ಹಿತ ಅನಿಸಿತು. ನೋವು ಏರುವಾಗ ನೀರೂ ಜಾಸ್ತಿ, ಇಳಿಯುವಾಗ ಕಡಿಮೆ, ಕೈಯಲ್ಲಿ ಆ ಅಂದಾಜು ಬರುತ್ತೆ. ಸಿಸ್ಟರ್ ಅರ್ಧ ಗಂಟೆಗೊಮ್ಮೆ ಬಂದು, ಹೊಟ್ಟೆ ಒರೆಸಿ, ಡಾಪ್ಲರ್ ಇಟ್ಟು ಕೇಳುತ್ತಿದ್ದರು. ಮೊದಲ ಸಲ ಬಂದಾಗ ಅವರ ಮುಖ ಗಂಟಾಗಿತ್ತು, ಇದೆಲ್ಲ ಅವರಿಗೂ ಹೊಸದು. ಮೂರನೇ ಸಲ ಬಂದಾಗ ಅವರೇ ಚೊಂಬು ತಗೊಂಡು “ಅಮ್ಮ, ನೀವು ಸ್ವಲ್ಪ ಕೂತ್ಕೊಳಿ” ಅಂತ ನೀರು ಹಾಕಿದರು.

ಎಂಟೂಮುಕ್ಕಾಲಿಗೆ ನೀರು ಒಡೆಯಿತು. ತಿಳಿ ಹಸಿರು ಬಣ್ಣ. ಸಿಸ್ಟರ್ ಒಂದು ಕ್ಷಣ ನೋಡಿ “ಏಳು ಕಂದ, ಮಂಚಕ್ಕೆ ಹೋಗೋಣ” ಅಂದರು. ಮಗು ಒಳಗೇ ಮಲ ಮಾಡಿಕೊಂಡಿತ್ತು. ನನಗೆ ಕಾಲು ನಡುಗಿತು. ಮೇಡಂ ಬಂದು ನೋಡಿ, “ಎಂಟು ಸೆಂಟಿಮೀಟರ್ ಆಗಿದೆ, ಎದೆಬಡಿತ ಚೆನ್ನಾಗಿದೆ. ಆದರೆ ಇನ್ನು ಮೆಷಿನ್ ಹಾಕಿಯೇ ಇರ್ತೀನಿ. ಮಕ್ಕಳ ಡಾಕ್ಟರನ್ನೂ ಕರೆಸಿದೀನಿ” ಅಂದರು. ಬೆಂಗಳೂರಿನಲ್ಲಿ ಇದ್ದಿದ್ದರೂ ಆ ಹೊತ್ತಿಗೆ ನನ್ನನ್ನು ತೊಟ್ಟಿಯಿಂದ ಎಬ್ಬಿಸುತ್ತಿದ್ದರು. ಅವರ ಮಾತು ಮುಂಚೆಯೇ ಕೇಳಿದ್ದರಿಂದ ಇದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಏಳಲ್ಲ ಅಂತ ಹಟ ಮಾಡಲಿಲ್ಲ.

ಮಂಚದ ಮೇಲಿನ ಎರಡು ಗಂಟೆ ಕಷ್ಟದ್ದೇ. ನೀರು ಇಲ್ಲದ ವ್ಯತ್ಯಾಸ ಮೊದಲ ನೋವಿಗೇ ತಿಳಿಯಿತು. ಆದರೆ ಅಂಗಾತ ಮಲಗಿಸಲಿಲ್ಲ. ಎಡ ಮಗ್ಗುಲಿಗೆ ಮಲಗಿ, ಮೇಲಿನ ಕಾಲನ್ನು ಅಮ್ಮ ಎತ್ತಿ ಹಿಡಿದುಕೊಂಡರು. ಹೊಟ್ಟೆಗೆ ಮೆಷಿನ್ ಬೆಲ್ಟ್ ಇತ್ತು, ಅದರ ಟಕಟಕ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕೇಳುತ್ತಾ ಇದ್ದರೆ ಧೈರ್ಯ ಬರುತ್ತಿತ್ತು. “ಮುಕ್ಕಬೇಕು ಅನಿಸಿದಾಗ ಮುಕ್ಕು, ನಾನು ಹೇಳೋವರೆಗೆ ಕಾಯಬೇಡ” ಅಂದರು ಮೇಡಂ. ಕೊನೆ ಹೊತ್ತಲ್ಲಿ ಸಿಸ್ಟರ್ ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಕೆಳಗೆ ಒತ್ತಿ ಹಿಡಿದರು. ಉರಿ ಅರ್ಧ ಇಳಿದ ಹಾಗಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2018ರ ಸಲಹೆಗಳಲ್ಲಿ ಈ ಬಿಸಿ ಬಟ್ಟೆಯನ್ನು ಹೇಳಿದೆ, ಕೆಳಗೆ ಚರ್ಮ ಹರಿಯುವುದು ಕಡಿಮೆ ಆಗಲಿ ಅಂತ. ಇದಕ್ಕೆ ತೊಟ್ಟಿ ಬೇಡ, ದುಡ್ಡು ಬೇಡ, ಒಂದು ಬಟ್ಟೆ ಸಾಕು. ಎಲ್ಲ ಕಡೆ ಯಾಕೆ ಮಾಡಲ್ಲವೋ!

ಹತ್ತು ಐವತ್ತಕ್ಕೆ ಮಗಳು ಹುಟ್ಟಿದಳು. ಹುಟ್ಟಿದ ಕೂಡಲೇ ಜೋರಾಗಿ ಅತ್ತಳು. ಆ ಅಳು ಕೇಳಿ ಮಕ್ಕಳ ಡಾಕ್ಟರ್ ಒಂದು ಹೆಜ್ಜೆ ಹಿಂದೆ ಸರಿದು “ತಾಯಿ ಹತ್ತಿರವೇ ಇರಲಿ” ಅಂದರು. 2 ಕೆಜಿ 900 ಗ್ರಾಂ. ಬಳ್ಳಿ ಕತ್ತರಿಸುವ ಮುಂಚೆ ಒಂದೆರಡು ನಿಮಿಷ ಕಾದರು. ನನ್ನ ಎದೆ ಮೇಲೆ ಒದ್ದೆ ಒದ್ದೆಯಾಗಿ, ಬೆಚ್ಚಗೆ, ಮೂಗು ಮುರಿದುಕೊಂಡು ಮಲಗಿದ್ದಳು. ಎರಡು ಹೊಲಿಗೆ ಬಿದ್ದವು. ಒಂದು ಗಂಟೆಯೊಳಗೆ ಹಾಲು ಕುಡಿದಳು. ಅಮ್ಮ ಒದ್ದೆ ಸೀರೆಯಲ್ಲೇ ನಿಂತಿದ್ದರು, ಬೆಳಗ್ಗೆಯಿಂದ ಬಟ್ಟೆ ಬದಲಾಯಿಸಿರಲಿಲ್ಲ.

ಹನ್ನೊಂದನೇ ದಿನಕ್ಕೆ ಮಳೆ ಬಿಡುವು ಕೊಟ್ಟಾಗ ತವರಿಗೆ ಹೋದೆವು. ಬಾಣಂತನದ ಬಗ್ಗೆ ಹೇಳಲು ಹೊರಟರೆ ಅದೇ ಇನ್ನೊಂದು ಕಥೆ ಆಗುತ್ತೆ. ಹಂಡೆ ಒಲೆ, ಹೊಗೆ, ಕಾಫಿ ಗಿಡದ ಸೌದೆ ವಾಸನೆ, ನೀರು ಹಾಕಲು ಬರುತ್ತಿದ್ದ ಊರಿನ ಅಜ್ಜಿ. ಹೊಲಿಗೆ ಇರುವುದರಿಂದ ಕುದಿಯೋ ನೀರು ಎರಚಬೇಡಿ, ಬೆಚ್ಚಗಿದ್ದರೆ ಸಾಕು ಅಂತ ಮೇಡಂ ಹೇಳಿದ್ದರು. ಬಾಣಂತಿಗೆ ಕುಡಿಯಲು ನೀರು ಕಡಿಮೆ ಕೊಡೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಹಾಲು ಕೊಡುವವಳು ಬಾಯಾರಿದಷ್ಟೂ ಕುಡಿಯಬೇಕು ಅಂತಲೂ ಹೇಳಿದ್ದರು. ಅಜ್ಜಿಗೆ ಎರಡನ್ನೂ ಹೇಳಿದೆ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಅಮ್ಮನೇ ಚೊಂಬು ತುಂಬಿ ನನ್ನ ಪಕ್ಕ ಇಡತೊಡಗಿದರು.

ಚಿಕ್ಕಮಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಈಗ ಎಂಟನೇ ತಿಂಗಳು. ಮೊದಲನೇ ಬಸುರಿ. ತೊಟ್ಟಿ ಹೆರಿಗೆ ಬಗ್ಗೆ ಅವಳೂ ಕೇಳಿದ್ದಳು. ಬೆಂಗಳೂರಿನಲ್ಲಿ ಕೇಳಿದ್ದು, ಓದಿದ್ದು, ನನಗೆ ಆಗಿದ್ದು ಎಲ್ಲ ಹೇಳಿದೆ. ಮೊದಲು ನಿನ್ನ ಡಾಕ್ಟರನ್ನು ಕೇಳು, ಅವರು ಬೇಡ ಅಂದರೆ ಯಾಕೆ ಬೇಡ ಅಂತಲೂ ಕೇಳು ಅಂದೆ. ಅವರ ಡಾಕ್ಟರ್ ಬಿಸಿನೀರಿಗೆ ಒಪ್ಪಿದ್ದಾರೆ. ಹೋದ ವಾರ ರೂಮು ನೋಡಲು ಹೋದವಳು ಅಲ್ಲಿಂದಲೇ ಫೋನ್ ಮಾಡಿದಳು.

“ಅಕ್ಕ, ಗೀಸರ್ 15 ಲೀಟರಿಂದು. ಬಕೆಟ್ ಒಂದೇ ಇದೆ.”

“ಇನ್ನೊಂದು ಮನೆಯಿಂದ ತಗೊಂಡು ಹೋಗು. ಸ್ಟೂಲು, ಥರ್ಮಾಮೀಟರ್ ನಾನು ಕಳಿಸ್ತೀನಿ” ಅಂದೆ.